ಫೇರ್ ಕಾಪಿ ಮಾಡಿಸಿದ್ದೇ ತಪ್ಪಾಯ್ತು

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಪ್ರತಿಭಾ ಕಾರಂಜಿ ಬಂತೆಂದರೆ ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕಂಠಪಾಠಕ್ಕೆ ಒಬ್ಬಳು, ಭಾವಗೀತೆಗೆ ಒಬ್ಬಳು, ಮಿಮಿಕ್ರಿಗೆ ಆ ತರಲೆ ಹುಡುಗ. ಒಂದಷ್ಟು ದಿನ ತಾಲೀಮು, ಆಮೇಲೆ ಕ್ಲಸ್ಟರ್ ಮಟ್ಟದ ಸ್ಪರ್ಧೆಗೆ ಹೊರಡುವುದು. ಮಕ್ಕಳ ವಿಜ್ಞಾನ ಸಮಾವೇಶವೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ಅದು 1993ರಿಂದ ರಾಷ್ಟ್ರಮಟ್ಟದಲ್ಲಿ ನಡೆಯುತ್ತಿರುವ ಸಮಾವೇಶ. 10ರಿಂದ 17 ವರ್ಷದ ಮಕ್ಕಳು ಸೇರಬಹುದು. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. ಮಾಡೆಲ್ ಇಟ್ಟು ಲೈಟ್ ಹತ್ತಿಸಿದರೆ ಇಲ್ಲಿ ಸಾಲದು. ತಮ್ಮೂರಿನದೇ ಒಂದು ಸಮಸ್ಯೆ ಹಿಡಿಯಬೇಕು, ಅಳೆಯಬೇಕು, ಲೆಕ್ಕ ಇಡಬೇಕು. ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಹೇಳಬಹುದು ಅನ್ನೋದು ನಮ್ಮ ಮಕ್ಕಳಿಗೆ ದೊಡ್ಡ ಧೈರ್ಯ.

ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಬಂದರು. ವಿಷಯ ಅವರ ಅಡುಗೆಮನೆಯಲ್ಲೇ ಇತ್ತು: ಅಲಸಂದೆಗೆ ಬೀಳುವ ಹುಳು. "ಮಿಸ್, ನಮ್ಮಜ್ಜಿ ಬೂದಿ ಬೆರೆಸ್ತಾರೆ. ಇವಳ ಮನೇಲಿ ಬೇವಿನ ಸೊಪ್ಪು ಹಾಕ್ತಾರೆ. ಯಾವುದು ಸರಿ?" ಇಂಥ ಪ್ರಶ್ನೆ ನಾನು ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ.

ಆ ಹುಳು ಸ್ಪರ್ಧೆಗೆ ಹೇಳಿ ಮಾಡಿಸಿದಂತಿದೆ. ಕಾಳಿನ ಮೇಲೆ ಅದು ಅಂಟಿಸುವ ಮೊಟ್ಟೆ ಬಿಳಿ ಚುಕ್ಕೆಯಂತೆ ಬರಿಗಣ್ಣಿಗೇ ಕಾಣುತ್ತದೆ. ಮರಿ ಕಾಳಿನೊಳಗೇ ಬೆಳೆದು, ಹೆಚ್ಚೂಕಮ್ಮಿ ಒಂದು ತಿಂಗಳಿಗೆ ದುಂಡನೆ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಎಣಿಸಿದರೆ ಲೆಕ್ಕ ಸಿಕ್ಕಿತು. ಯಂತ್ರ ಬೇಡ, ಲ್ಯಾಬ್ ಬೇಡ.

ಒಂಬತ್ತು ಬಾಟಲಿ ಜೋಡಿಸಿದೆವು. ಮೂರಕ್ಕೆ ಬೂದಿ, ಮೂರಕ್ಕೆ ಬೇವು, ಮೂರಕ್ಕೆ ಏನೂ ಇಲ್ಲ. ಏನೂ ಹಾಕದ ಬಾಟಲಿ ಯಾಕೆ ಅಂತ ಮಕ್ಕಳು ಕೇಳಿದರು. ಅದಿಲ್ಲದಿದ್ದರೆ ಬೂದಿಯಿಂದ ಉಳಿಯಿತೋ, ಸುಮ್ನೆ ಉಳಿಯಿತೋ ಗೊತ್ತಾಗಲ್ಲ ಅಲ್ವಾ? ಪ್ರತಿ ಬಾಟಲಿಗೂ ಎಣಿಸಿ 100 ಕಾಳು, 10 ಹುಳು. ಬಾಯಿಗೆ ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ಹುಳು ಹಿಡಿಯಲು ಡ್ರಾಯಿಂಗ್ ಬ್ರಷ್. ನಮಗೆ ಖರ್ಚಾಗಿದ್ದು ರಬ್ಬರ್ ಬ್ಯಾಂಡ್‌ಗೆ ಮಾತ್ರ.

ಎರಡನೇ ವಾರ ಬೇವಿನ ಮೂರೂ ಬಾಟಲಿಗೆ ಬೂಷ್ಟು ಹಿಡಿಯಿತು. ಹಸಿ ಸೊಪ್ಪು ಹಾಕಿಬಿಟ್ಟಿದ್ದರು. ಒಬ್ಬಳು ಅತ್ತೇಬಿಟ್ಟಳು. ನೆರಳಲ್ಲಿ ಒಣಗಿಸಿದ ಸೊಪ್ಪು ತಂದು ಒಂಬತ್ತೂ ಬಾಟಲಿ ಮತ್ತೆ ಮೊದಲಿನಿಂದ ಶುರು. ಕೊನೆಗೆ ಗೆದ್ದಿದ್ದು ಅಜ್ಜಿಯ ಬೂದಿ. ಬೂದಿ ಕಾಳಿನ ಸಂದಿಯೆಲ್ಲ ತುಂಬಿಕೊಂಡು ಹುಳುವಿನ ಓಡಾಟಕ್ಕೇ ಅಡ್ಡ ಬರುತ್ತದೆ. ಹುಳುವಿನ ಮೈಮೇಲಿನ ಮೇಣದ ಪದರವನ್ನೂ ಉಜ್ಜಿ ತೆಗೆಯುತ್ತದೆ, ಹುಳು ಒಣಗಿ ಸಾಯುತ್ತದೆ. ಬೇವು ನಾವು ಅಂದುಕೊಂಡಷ್ಟು ಕೆಲಸ ಮಾಡಲಿಲ್ಲ. "ಬೇವಿನ ಬಾಟಲಿಯ ತೂತು ಸ್ವಲ್ಪ ಕಮ್ಮಿ ಬರೀಲಾ ಮಿಸ್, ಎಲ್ಲರೂ ಬೇವು ಒಳ್ಳೇದು ಅಂತಾರಲ್ಲ?" ಅಂತ ಒಬ್ಬಳು ಕೇಳಿದಳು. ಬೇಡ, ಎಣಿಸಿದ್ದನ್ನೇ ಬರಿ ಅಂದೆ. ಇಷ್ಟರವರೆಗೆ ನಾನು ಬುದ್ಧಿವಂತಳೇ.

ಮಕ್ಕಳು ಪ್ರಯೋಗದ ಲೆಕ್ಕ ಬರೆದಿಟ್ಟಿದ್ದ ದಿನಚರಿ ಪುಸ್ತಕ ನೋಡಿದೆ. ಬೂದಿ ಕಲೆ, ಎಣ್ಣೆ ಕಲೆ, ಹೊಡೆದು ಹಾಕಿದ ಅಂಕಿಗಳು, ಒಂದು ಪುಟದಲ್ಲಿ "ಬೂಷ್ಟು!! ಎಲ್ಲಾ ವೇಸ್ಟ್". ಜಿಲ್ಲಾ ಮಟ್ಟಕ್ಕೆ ಇದನ್ನು ಹೇಗೆ ಒಯ್ಯೋದು? ಮೂರು ದಿನ ಕೂರಿಸಿ ದುಂಡಗೆ ಫೇರ್ ಕಾಪಿ ಮಾಡಿಸಿದೆ. ಬೂಷ್ಟಿನ ಪುಟ ಬಿಡಿಸಿದೆ. ಹಳೇದು ರದ್ದಿಗೆ ಹೋಯಿತು.

ತೀರ್ಪುಗಾರರು ಪೋಸ್ಟರ್ ಕಡೆ ಜಾಸ್ತಿ ನೋಡಲೇ ಇಲ್ಲ. ನೇರ ಪುಸ್ತಕಕ್ಕೆ ಕೈ ಹಾಕಿದರು. ಎರಡು ತಿಂಗಳ ಕೆಲಸ, ಒಂದೇ ಪೆನ್ನು, ಒಂದೇ ಒತ್ತು. "ಸೊಪ್ಪು ಹಸೀದು ಹಾಕಿದ್ರಾ, ಒಣಗಿಸಿದ್ರಾ?" ಹುಡುಗಿ ಇದ್ದದ್ದು ಇದ್ದ ಹಾಗೆ ಹೇಳಿದಳು: "ಮೊದಲು ಹಸೀದು ಹಾಕಿದ್ವಿ ಸರ್, ಬೂಷ್ಟು ಬಂತು." "ಒಳ್ಳೇದು. ಅದು ಇದರಲ್ಲಿ ಎಲ್ಲಿದೆಯಮ್ಮ?" ಅವಳು ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ನೋಡಿದಳು.

ರಾಜ್ಯ ಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಅದೊಂದೇ ಕಾರಣವೋ ಏನೋ. ಬಸ್ಸಿನಲ್ಲಿ ಅವರಿಬ್ಬರೂ ಕಡಲೆಕಾಯಿ ತಿಂದುಕೊಂಡು ನಗುತ್ತಿದ್ದರು. ಮುಖ ಸಪ್ಪಗಾಗಿದ್ದು ನನ್ನದೇ.

ಈಗ ಶುರುವಿನಲ್ಲೇ ಹೊಲಿದ ನೋಟ್‌ಬುಕ್ ಕೊಟ್ಟು ಪುಟಗಳಿಗೆ ನಂಬರ್ ಹಾಕಿಸುತ್ತೇನೆ, ಹರಿಯುವ ಹಾಗಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ವಾರಕ್ಕೊಮ್ಮೆ ನನ್ನ ಸಹಿ, ತಾರೀಕು. ಚೆಂದಗೆ ತಿದ್ದಿ ಬರೆಯುವುದೆಲ್ಲ ವರದಿಯಲ್ಲಿ ಮಾತ್ರ. ಈ ವರ್ಷದ ಹುಡುಗರದು ಬಚ್ಚಲ ನೀರಿನ ಲೆಕ್ಕ. ಅವರ ಪುಸ್ತಕದ ಏಳನೇ ಪುಟದಲ್ಲಿ "ಇವತ್ತು ಅಳೆಯಲಿಲ್ಲ, ಊರಹಬ್ಬ" ಅಂತಿದೆ. ಕೆಳಗೆ ಸಹಿ ಹಾಕಿದ್ದೇನೆ.