ಸಿಗಡಿಯ ಉಪಾಂಗಗಳನ್ನು ಬಾಲದ ಕಡೆಯಿಂದ ಗುರುತಿಸಿ

ಸಿಗಡಿಯ ಮೈಯಲ್ಲಿ 19 ಜೊತೆ ಉಪಾಂಗಗಳು, ಅಂದರೆ ಮೀಸೆ, ದವಡೆ, ಕಾಲಿನಂಥ ಜೋಡಿ ಅಂಗಗಳಿವೆ: ತಲೆಯಲ್ಲಿ 5, ಎದೆಯಲ್ಲಿ 8, ಉದರದಲ್ಲಿ 6. ಹೆಚ್ಚಿನವರು ಮೀಸೆಯಿಂದ ಶುರುಮಾಡಿ ಬಾಯಿಯ ಹತ್ತಿರ ಬರುವಷ್ಟರಲ್ಲಿ ದಾರಿ ತಪ್ಪುತ್ತಾರೆ. ನನ್ನ ಪ್ರಾಯೋಗಿಕ ತರಗತಿಯಲ್ಲಿ ನಾನು ಬಾಲದ ಕಡೆಯಿಂದಲೇ ಶುರುಮಾಡಿಸುವುದು. ಎಲ್ಲ ಉಪಾಂಗಗಳ ಮೂಲ ನಕ್ಷೆ ಕಣ್ಣಿಗೆ ನೇರವಾಗಿ ಕಾಣುವುದು ಅಲ್ಲಿ. ಅದೊಂದು ತಲೆಗೆ ಹತ್ತಿದರೆ ಬಾಯಿಯ ಸುತ್ತ ಇರುವ ಗೊಂದಲವೂ ತಾನೇ ಬಿಡಿಸಿಕೊಳ್ಳುತ್ತದೆ.

ಕಾಲುಗಳೆಲ್ಲ ಮುರಿಯದೆ ಉಳಿದಿರುವ ಪೀನಿಯಿಡ್ ಎಂಬ ಗುಂಪಿನ ದೊಡ್ಡ ಸಿಗಡಿ ಆರಿಸಿಕೊಳ್ಳಿ. ಅದರ ನಡೆಯುವ ಕಾಲುಗಳಲ್ಲಿ ಮೊದಲ ಮೂರು ಜೊತೆಗೂ ತುದಿಯಲ್ಲಿ ಪುಟ್ಟ ಇಕ್ಕಳ ಇರುತ್ತದೆ. ಎರಡು ಜೊತೆಗೆ ಮಾತ್ರ ಇದ್ದು, ಉದರದ ಎರಡನೇ ಖಂಡದ ಪಕ್ಕದ ತಟ್ಟೆ ಹಿಂದಿನ ಮುಂದಿನ ಎರಡೂ ತಟ್ಟೆಗಳ ಮೇಲೆ ಹಾಸಿಕೊಂಡಿದ್ದರೆ ಅದು ಕ್ಯಾರಿಡಿಯನ್ ಎಂಬ ಬೇರೆ ಗುಂಪಿನ ಸಿಗಡಿ. ಮೊನಚಾದ ಎರಡು ಚಿಮುಟ, ಕೈಮಸೂರ, ಅಗಲವಾದ ತಟ್ಟೆ ಇಷ್ಟು ಸಾಕು. ತಟ್ಟೆಗೆ ನೀರು ಹಾಕಿ, ಅಡಿಯಲ್ಲಿ ಕಪ್ಪು ಕಾಗದ ಇಡಿ. ಈ ಅಂಗಗಳು ಅರೆಪಾರದರ್ಶಕ. ಬಿಳಿ ಹಿನ್ನೆಲೆಯಲ್ಲಿ ಅಂಚೇ ಕಾಣುವುದಿಲ್ಲ. ಎಡಬದಿಯವನ್ನು ಮಾತ್ರ ಕೀಳಿ. ಅನುಮಾನ ಬಂದಾಗ ನೋಡಲು ಬಲಬದಿ ಹಾಗೇ ಇರಲಿ.

ಮೊದಲು ಉದರದ ಮೂರನೇ ಈಜುಕಾಲು, ಅಂದರೆ ಪ್ಲಿಯೋಪಾಡ್. ಮೊದಲನೆಯದು ಬೇಡ: ಗಂಡಿನಲ್ಲಿ ಆ ಜೊತೆಯ ಒಳಕವಲುಗಳು ಸೇರಿ ಪೆಟಾಸ್ಮಾ ಎಂಬ ಸಂಗಮಾಂಗ ಆಗಿರುತ್ತವೆ. ಮೂರನೆಯದು ಕವೆಗೋಲಿನ ಹಾಗೆ ಇದೆ. ಬುಡದ ಹಿಡಿ ಪ್ರೊಟೋಪಾಡ್, ಮೈಯ ಮಧ್ಯರೇಖೆಯ ಕಡೆಗಿರುವ ಕವಲು ಎಂಡೋಪಾಡ್, ಹೊರಗಡೆಯದು ಎಕ್ಸೋಪಾಡ್. ಈ ಮೂರು ಹೆಸರು ಗಟ್ಟಿ ಮಾಡಿಕೊಳ್ಳಿ, ಮುಂದೆಲ್ಲ ಇವೇ ಬರುತ್ತವೆ. ಬಾಲದ ಬೀಸಣಿಗೆಯಲ್ಲಿರುವ ಯೂರೋಪಾಡ್‌ನಲ್ಲೂ ಇವೇ ಮೂರು ಭಾಗ, ಅಗಲವಾಗಿವೆ ಅಷ್ಟೇ. ನಡುವೆ ಚೂಪಾಗಿ ಚಾಚಿರುವ ಟೆಲ್ಸನ್ ಉಪಾಂಗವಲ್ಲ, ಅದನ್ನು ಎಣಿಸಬೇಡಿ.

ಈಗ ನಡೆಯುವ ಕಾಲುಗಳು, ಪೆರಿಯೋಪಾಡ್‌ಗಳು. ಎದೆಕವಚದ ಎಡಪಕ್ಕವನ್ನು ಕತ್ತರಿಸಿ ತೆಗೆದರೆ ಕಿವಿರುಗಳೂ ಕಾಲಿನ ಬುಡಗಳೂ ಕಾಣುತ್ತವೆ. ಇಲ್ಲೂ ಹಿಂದಿನಿಂದಲೇ ಎಣಿಸಿ. ಐದು ಜೊತೆ ಆದಮೇಲೆ ಸಿಗುವುದು ನೋಡಲು ಕಾಲಿನಂತೆಯೇ ಉದ್ದವಾಗಿದ್ದರೂ ಕಾಲಲ್ಲ, ಮೂರನೇ ಮ್ಯಾಕ್ಸಿಲಿಪೆಡ್, ಅಂದರೆ ಆಹಾರವನ್ನು ಬಾಯಿಗೆ ಸಾಗಿಸುವ ದವಡೆಗಾಲು. ಮುಂದಿನಿಂದ ಎಣಿಸುವವರು ಇದನ್ನೇ ಮೊದಲ ಕಾಲೆಂದು ಬರೆದು ಪಟ್ಟಿಯನ್ನೆಲ್ಲ ಕೆಡಿಸುತ್ತಾರೆ. ಅಂಗದ ಹೆಸರನ್ನು ಅದು ಹುಟ್ಟಿದ ಜಾಗ ಹೇಳಬೇಕು, ಆಕಾರವಲ್ಲ.

ಕಾಲನ್ನು ಕೀಳುವಾಗ ಮಧ್ಯದಲ್ಲಿ ಹಿಡಿದು ಎಳೆಯಬೇಡಿ. ಬುಡದ ಗಂಟು (ಕಾಲಿನ ಒಂದೊಂದು ತುಂಡನ್ನೂ ಇಲ್ಲಿ ಗಂಟು ಎನ್ನುತ್ತೇನೆ) ಮೈಗೆ ಸೇರುವ ಪೊರೆಯನ್ನು ಒಂದು ಚಿಮುಟದ ತುದಿಯಿಂದ ಸುತ್ತಲೂ ಬಿಡಿಸಿ, ಇನ್ನೊಂದರಿಂದ ಆ ಗಂಟನ್ನೇ ಹಿಡಿದು ಮೆಲ್ಲಗೆ ಎತ್ತಿ. ಇಲ್ಲದಿದ್ದರೆ ಬುಡ ಮೈಯಲ್ಲೇ ಉಳಿದು ಗಂಟುಗಳ ಲೆಕ್ಕ ತಪ್ಪುತ್ತದೆ. ಕಾಲಿಗೆ ಏಳು ಗಂಟು. ಅವನ್ನು ತುದಿಯಿಂದ ಎಣಿಸುವುದೇ ಸುಲಭ: ಡ್ಯಾಕ್ಟಿಲಸ್, ಪ್ರೊಪೋಡಸ್, ಕಾರ್ಪಸ್, ಮೀರಸ್, ಇಸ್ಕಿಯಂ, ಬೇಸಿಸ್, ಕಾಕ್ಸಾ. ಕೊನೆಯ ಎರಡು ಸೇರಿದರೆ ಪ್ರೊಟೋಪಾಡ್, ಮೊದಲಿನ ಐದು ಎಂಡೋಪಾಡ್. ಅಂದರೆ ಇಡೀ ಉದ್ದನೆಯ ಕಾಲು ಒಳಕವಲೇ. ಹೊರಕವಲು ಇಲ್ಲ, ಇದ್ದರೂ ಬೇಸಿಸ್‌ನಿಂದ ಹೊರಟ ಸಣ್ಣ ಎಳೆ ಅಷ್ಟೇ. ಕಾಕ್ಸಾದಿಂದ ಹೊರಟ ತೆಳುಪಟ್ಟಿ ಕಂಡರೆ ಅದು ಎಪಿಪಾಡ್. ಎರಡೂ ಹೊರಬದಿಯಲ್ಲೇ ಇರುವುದರಿಂದ, ಯಾವ ಗಂಟಿನಿಂದ ಹೊರಟಿದೆ ಎಂದು ನೋಡಿಯೇ ಹೆಸರು ಬರೆಯಿರಿ.

ಇಕ್ಕಳದಲ್ಲಿ ಅಲುಗುವ ಬೆರಳು ಡ್ಯಾಕ್ಟಿಲಸ್. ಅಲುಗದ ಬೆರಳು ಬೇರೆ ಗಂಟಲ್ಲ, ಪ್ರೊಪೋಡಸ್ಸೇ ಮುಂದಕ್ಕೆ ಚಾಚಿಕೊಂಡಿರುವುದು. ಏಡಿಯ ದೊಡ್ಡ ಕೊಂಬಿನಲ್ಲಿ ಇದನ್ನು ಬರಿಗಣ್ಣಿನಲ್ಲೇ ನೋಡಬಹುದು. ಆದರೆ ಏಡಿಯಲ್ಲಿ ಬೇಸಿಸ್ ಮತ್ತು ಇಸ್ಕಿಯಂ ಬೆಸೆದುಕೊಂಡಿವೆ, ಆರೇ ಗಂಟು ಸಿಕ್ಕರೆ ಗಾಬರಿ ಬೇಡ. ಅಪಾಯ ಬಂದಾಗ ಏಡಿ ಕಾಲು ಕಳಚಿಕೊಳ್ಳುವುದೂ ಆ ಭಾಗದಲ್ಲೇ.

ಮ್ಯಾಕ್ಸಿಲಿಪೆಡ್‌ಗಳನ್ನು ಮೂರು, ಎರಡು, ಒಂದು ಎಂದು ಹಿಂದಿನಿಂದ ಮುಂದಕ್ಕೆ ತೆಗೆಯಿರಿ. ಒಳಗೆ ಹೋದಷ್ಟೂ ಅವು ಚಪ್ಪಟೆ. ಅವುಗಳಾಚೆ ಇರುವ ತೆಳು ದವಡೆ ಮ್ಯಾಕ್ಸಿಲಾಗೆ ಸ್ವಲ್ಪ ಹೆಚ್ಚು ಸಮಯ ಕೊಡಿ, ನನಗೆ ಇಡೀ ಪ್ರಾಣಿಯಲ್ಲಿ ಅತಿ ಇಷ್ಟವಾದ ಅಂಗ ಅದು. ನೀರಿನಲ್ಲಿ ತೇಲಿಸಿ ಮಸೂರದಡಿ ನೋಡಿದರೆ ಅಂಚಿನ ಸುತ್ತ ರೋಮ ಸಾಲುಗಟ್ಟಿದ ಉದ್ದನೆಯ ತೆಳುಹಾಳೆ ಬಿಚ್ಚಿಕೊಳ್ಳುತ್ತದೆ. ಅದು ಸ್ಕ್ಯಾಫೋಗ್ನಾತೈಟ್. ಈಜುಕಾಲಿನಲ್ಲಿ ನೀರು ತಳ್ಳುವ ಅದೇ ಎಕ್ಸೋಪಾಡ್ ಇಲ್ಲಿ ಕಿವಿರುಗೂಡಿನ ಒಳಗೆ ಬಡಿಯುತ್ತ ನೀರನ್ನು ಮುಂದಕ್ಕೆ ಸೆಳೆಯುತ್ತದೆ. ಸಿಗಡಿಯ ಉಸಿರಾಟ ಆ ಬಡಿತದ ಮೇಲೆ ನಿಂತಿದೆ. ಹಾಳೆ ಸುಲಭವಾಗಿ ಹರಿಯುತ್ತದೆ, ಅವಸರ ಮಾಡಬೇಡಿ. ಅದರ ಮುಂದೆ ಪುಟ್ಟ ಮ್ಯಾಕ್ಸಿಲ್ಯೂಲ್, ಆಮೇಲೆ ಅಗಿಯುವ ಗಟ್ಟಿ ಮ್ಯಾಂಡಿಬಲ್.

ಮೀಸೆಗಳು ಎರಡು ಜೊತೆ. ಮುಂದಿನ ಆಂಟೆನ್ಯೂಲ್‌ನ ಬುಡದಲ್ಲಿ ಸಮತೋಲ ಕಾಯುವ ಸ್ಟ್ಯಾಟೋಸಿಸ್ಟ್ ಇದೆ. ಹಿಂದಿನ ಆಂಟೆನಾದ ಉದ್ದನೆಯ ಎಳೆ ಎಂಡೋಪಾಡ್, ಪಕ್ಕದ ಅಗಲ ತಟ್ಟೆ ಎಕ್ಸೋಪಾಡ್.

ಕಿತ್ತ ಒಂದೊಂದನ್ನೂ ಅದೇ ಕ್ರಮದಲ್ಲಿ, ಒಳಕವಲು ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿ. ಎತ್ತಿಡುವ ಮುನ್ನ ಕಾಲುಗಳ ಕಾಕ್ಸಾಗಳ ಒಳಬದಿಯನ್ನು ಮಸೂರದಲ್ಲಿ ಪರೀಕ್ಷಿಸಿ. ಜನನರಂಧ್ರ ಮೂರನೇ ಕಾಲಿನಲ್ಲಿದ್ದರೆ ಹೆಣ್ಣು, ಐದನೆಯದರಲ್ಲಿದ್ದರೆ ಗಂಡು. ಅದನ್ನೂ ಚೀಟಿಯಲ್ಲಿ ಬರೆದು, ಎಲ್ಲವನ್ನೂ 70 ಪ್ರತಿಶತ ಆಲ್ಕೋಹಾಲಿನಲ್ಲಿ ಇಡಿ.