ಶಾಲೆಯ ಗೋಡೆಗೆ ಬಣ್ಣ ಹಚ್ಚುವ ಮೊದಲು

ಏಪ್ರಿಲ್ ಬಂತೆಂದರೆ ನಮ್ಮ ಉಡುಪಿ ಕಡೆಯ ಸರ್ಕಾರಿ ಶಾಲೆಗಳಲ್ಲಿ ಬಣ್ಣದ ಮಾತು ಶುರು. ಹಳೆ ವಿದ್ಯಾರ್ಥಿ ಸಂಘದವರು ದುಡ್ಡು ಒಟ್ಟು ಮಾಡುತ್ತಾರೆ, ಶಾಲೆಯ ಉಸ್ತುವಾರಿ ನೋಡುವ ಪೋಷಕರ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಪೈಂಟರ್ ಹುಡುಕುತ್ತಾರೆ. ಒಳ್ಳೆಯದೇ. ಆದರೆ ಗೋಡೆಯಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ಶಾಲೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ಯಾವ ಕೆಲಸ ಮಾಡುತ್ತಾರೆ ಅನ್ನುವುದೇ ಮಕ್ಕಳ ತಲೆಗೆ ಬೇಗ ಹೋಗುತ್ತದೆ. ಹಾಗಾಗಿ ರಜೆ ಶುರುವಾಗುವ ಮೊದಲೇ ಒಂದು ದಿನ ಬೆಳಗ್ಗಿಂದ ಸಂಜೆವರೆಗೆ ಶಾಲೆಯಲ್ಲಿ ಸುಮ್ನೆ ಕೂತು ನೋಡಿ.

ಗುಡಿಸುವುದು ಯಾರು? ಗೋಡೆಯ ಮೇಲೆ 'ಗಂಡು ಹೆಣ್ಣು ಸಮಾನ' ಅಂತ ಇರುತ್ತದೆ, ಅದರ ಕೆಳಗೇ ಹುಡುಗಿಯರು ಪೊರಕೆ ಹಿಡಿದಿರುತ್ತಾರೆ, ಹುಡುಗರು ಬೆಂಚು ಎತ್ತಿಡುತ್ತಾರೆ. ಎಲ್ಲರ ಹೆಸರನ್ನೂ ಅಕಾರಾದಿಯಾಗಿ ಬರೆದು ಕೆಲಸದ ಪಟ್ಟಿ ತೂಗುಹಾಕಿ. ಮಧ್ಯಾಹ್ನ ಜಗುಲಿಯಲ್ಲಿ ಊಟಕ್ಕೆ ಕೂತಾಗ ಸಾಲು ನೋಡಿ. ಯಾವುದಾದರೂ ಮಗು ದಿನಾ ತುದಿಯಲ್ಲೇ ಕೂರುತ್ತದೆ ಅಂದರೆ ಮೊದಲು ಸರಿಮಾಡಬೇಕಾದ್ದು ಅದು, ಜಾತಿ ಬೇಡ ಅನ್ನುವ ನುಡಿಮುತ್ತು ಆಮೇಲೆ ಬರೆಯಬಹುದು. ರ್‍ಯಾಂಪ್ (ಗಾಲಿಕುರ್ಚಿ ಹತ್ತುವ ಇಳಿಜಾರು ದಾರಿ) ಇದೆಯಾ? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಲ್ಲ ಮಕ್ಕಳೂ ಅಡೆತಡೆಯಿಲ್ಲದೆ ಒಳಗೆ ಬರುವಂತಿರಬೇಕು. ರ್‍ಯಾಂಪಿನ ಮೇಲೆ ಹೂಕುಂಡ ಸಾಲಾಗಿ ಇಟ್ಟಿದ್ದರೆ ಇವತ್ತೇ ತೆಗೆಸಿ.

ಇನ್ನು ಎತ್ತರ. ಸಂವಿಧಾನದ ಪೀಠಿಕೆಯನ್ನು ಹೆಡ್‌ಮಾಷ್ಟ್ರ ಕೋಣೆಯ ಬಾಗಿಲ ಮೇಲೆ, ಸಣ್ಣ ಅಕ್ಷರದಲ್ಲಿ ಬರೆಸಿದರೆ ಓದುವವರು ಯಾರು? ಒಂದನೇ ಕ್ಲಾಸಿನ ಮಗುವಿನ ಕಣ್ಣು ಇರುವುದು ನೆಲದಿಂದ ಮೂರು, ಮೂರೂವರೆ ಅಡಿ ಮೇಲೆ. ನೀವೇ ಮೊಣಕಾಲೂರಿ ಕೂತು ನೋಡಿ, ಕಾಣುವುದು ಬರೇ ಕಿಟಕಿಯ ಕೆಳಗಿನ ಖಾಲಿ ಗೋಡೆ. ಸಣ್ಣ ಕ್ಲಾಸಿನ ಮಕ್ಕಳು ಆಟ, ಚಟುವಟಿಕೆಯಲ್ಲೇ ಕಲಿಯುವ ನಲಿಕಲಿ ಕೋಣೆಗಳಲ್ಲಿ ಮಕ್ಕಳು ನೆಲದಲ್ಲಿ ಕೂತೇ ಬರೆಯಲಿ ಅಂತ ಗೋಡೆಯ ಕೆಳಭಾಗಕ್ಕೆ ಕರಿ ಬಣ್ಣ ಹಚ್ಚುತ್ತಾರಲ್ವಾ, ಆ ಲೆಕ್ಕವನ್ನೇ ಇಡೀ ಶಾಲೆಗೆ ಹಿಡಿಯಿರಿ. ದಾನಿಗಳ ಹೆಸರಿನ ಕಲ್ಲು ಪೀಠಿಕೆಗಿಂತ ದೊಡ್ಡದಾಗದಿರಲಿ. ದಾನಿಗಳಿಗೆ ಬೇಜಾರಾಗುವುದಿಲ್ಲ, ಕೂತು ಮಾತಾಡಿ.

ಗೇಟಿನ ಮೇಲಿನ ಸಾಲನ್ನು ಹಗುರವಾಗಿ ತಗೋಬೇಡಿ. 'ಜ್ಞಾನ ದೇಗುಲವಿದು, ಕೈಮುಗಿದು ಒಳಗೆ ಬಾ' ಅನ್ನುವುದು 2024ರ ಫೆಬ್ರವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ಕೆಲವು ವಸತಿ ಶಾಲೆಗಳಲ್ಲಿ 'ಧೈರ್ಯವಾಗಿ ಪ್ರಶ್ನಿಸಿ' ಅಂತಾದಾಗ ರಾಜ್ಯದಲ್ಲೆಲ್ಲ ಗಲಾಟೆ ಆಯಿತು. ಒಂದು ಸಾಲಿಗೆ ಅಷ್ಟು ತೂಕ ಇದೆ. ನನ್ನನ್ನು ಕೇಳಿದರೆ ಎರಡೂ ಇರಲಿ, ಆದರೆ ಪ್ರಶ್ನಿಸಿ ಅಂತ ಬರೆಸಿದ ಮೇಲೆ ಮಗು ಹಾಕಿದ ಪ್ರಶ್ನೆಗೆ ಉತ್ತರ ಸಿಗುವ ಬೋರ್ಡೊಂದು ಪಕ್ಕದಲ್ಲೇ ಬೇಕು.

ಫೋಟೋಗಳ ಸಾಲಿನಲ್ಲಿ ಹೆಂಗಸರು ಎಷ್ಟಿದ್ದಾರೆ, ನಮ್ಮೂರಿನವರು ಎಷ್ಟಿದ್ದಾರೆ ಅಂತ ಎಣಿಸಿ. ದಲಿತ ಮಕ್ಕಳನ್ನು ಶಾಲೆಯೊಳಗೆ ಸೇರಿಸದ ಕಾಲದಲ್ಲಿ, 1892ರಲ್ಲಿ, ಅವರಿಗಾಗಿಯೇ ಮಂಗಳೂರಿನಲ್ಲಿ ಶಾಲೆ ತೆರೆದ ಕುದ್ಮುಲ್ ರಂಗರಾವ್ ಎಷ್ಟು ಗೋಡೆಗಳಲ್ಲಿದ್ದಾರೆ? 1903ರಲ್ಲಿ ಮಂಗಳೂರಿನಲ್ಲೇ ಹುಟ್ಟಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದ ಕಮಲಾದೇವಿ ಚಟ್ಟೋಪಾಧ್ಯಾಯ? ಫೋಟೋದ ಕೆಳಗೆ ಬರೇ ಹೆಸರು ಬೇಡ, ಮಾಡಿದ ಕೆಲಸ ಎರಡು ಸಾಲಿನಲ್ಲಿರಲಿ, ಮಕ್ಕಳ ಕೈಬರಹದಲ್ಲೇ ಆದರೆ ಇನ್ನೂ ಚಂದ. 'ಮನೆಮಾತು ಆಡಬೇಡಿ' ಅನ್ನುವಂಥ ಬೋರ್ಡ್ ಇದ್ದರೆ ಕಿತ್ತುಹಾಕಿ. ತುಳು, ಕೊಂಕಣಿ, ಬ್ಯಾರಿ, ಕೊರಗ ಭಾಷೆ, ಕುಂದಾಪ್ರ ಕನ್ನಡ ಆಡುವ ಮಕ್ಕಳು ತಮ್ಮ ತಮ್ಮ ಪದಗಳನ್ನು ಬರೆದು ಅಂಟಿಸಲು ಆ ಜಾಗ ಬಿಟ್ಟುಕೊಡಿ.

ಕೊನೆಗೆ ಮಳೆಯ ವಿಷಯ. ಪಡುವಣ ಗೋಡೆಗೆ ಜೂನಿನಿಂದ ಎರಚಲು ಹೊಡೆದು ಬಣ್ಣ ಪೊರೆ ಏಳುತ್ತದೆ, ಅಂಟಿಸಿದ ಚಾರ್ಟಿಗೆ ಬೂಸ್ಟು ಹಿಡಿಯುತ್ತದೆ. ಮುಖ್ಯವಾದದ್ದನ್ನೆಲ್ಲ ಒಳಗೋಡೆಗೆ ಬರೆಸಿ. ಮಕ್ಕಳ ಕೆಲಸಕ್ಕೆ ಒಂದು ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಸಾಕು. ಎರಡು ವಾರಕ್ಕೊಮ್ಮೆ ಬದಲಿಸಿ, ಚಂದ ಬರೆಯುವ ನಾಲ್ಕು ಮಕ್ಕಳದ್ದೇ ಯಾವಾಗಲೂ ತೂಗದಂತೆ ನೋಡಿಕೊಳ್ಳಿ.