ಮೊದಲು ಇಸವಿ, ಆಮೇಲೆ ಅಜ್ಜಿಯ ಅಡುಗೆಮನೆ

ಅಮೆರಿಕದ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮನೆಗಳ ಮಕ್ಕಳು ತಮ್ಮ ಬಗ್ಗೆ ಬರೆದ ಪ್ರಬಂಧಗಳನ್ನು ತಿದ್ದುವುದು ನನ್ನ ಕೆಲಸ. ಕರಡು ಕೈಗೆ ಬಂದ ಕೂಡಲೇ ಮೂರು ಪ್ರಶ್ನೆ ಕಳಿಸುತ್ತೇನೆ: ಮನೆಯಲ್ಲಿ ಮೊದಲು ಬಂದವರು ಯಾರು, ಯಾವ ಇಸವಿಯಲ್ಲಿ, ಯಾವ ಕಾಗದಪತ್ರದ ಮೇಲೆ? ಉತ್ತರ ಬರುವವರೆಗೆ ಒಂದು ಸಾಲನ್ನೂ ಮುಟ್ಟುವುದಿಲ್ಲ. 'ನಾವು ಅಲ್ಲಿಗೂ ಸಲ್ಲಲಿಲ್ಲ, ಇಲ್ಲಿಗೂ ಸಲ್ಲಲಿಲ್ಲ' ಎಂಬ ಮಾತು ಹೆಚ್ಚುಕಡಿಮೆ ಎಲ್ಲ ಕರಡಿನಲ್ಲೂ ಇರುತ್ತದೆ. ಯಾರು ಬೇಕಾದರೂ ಬರೆಯಬಹುದಾದ ಸಾಲು ಅದು.

ಅಮೆರಿಕದ ಅಧೀನದಲ್ಲಿರುವ ದ್ವೀಪ ಪೋರ್ಟೊ ರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು. ಅವರ ಬರಹದಲ್ಲಿ ವೀಸಾದ ಚಿಂತೆ ಕಂಡರೆ ಅದು ಎಲ್ಲಿಂದಲೋ ಎರವಲು ತಂದದ್ದು. ನ್ಯೂ ಮೆಕ್ಸಿಕೊದ ಹಳೇ ಮನೆತನಗಳಂತೂ ವಲಸೆ ಬಂದವೇ ಅಲ್ಲ, ಮೆಕ್ಸಿಕೊ ಆ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟ 1848ರ ಒಪ್ಪಂದದಲ್ಲಿ ಗಡಿಯೇ ಅವರನ್ನು ದಾಟಿ ಹೋಯಿತು. ಅಜ್ಜಿ ಮೆಕ್ಕೆಜೋಳದ ಹಿಟ್ಟು ನಾದುವ ಆರಂಭವನ್ನು ಸಾಮಾನ್ಯವಾಗಿ ಹೊಡೆದುಹಾಕುತ್ತೇನೆ. ಆ ಹಿಟ್ಟು ಯಾವ ಅಂಗಡಿಯದು, ಎಷ್ಟು ದೂರ ಹೋಗಿ ತರಬೇಕಿತ್ತು ಎಂಬುದಿದ್ದರೆ ಉಳಿಯುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಹೆಸರಿನ ಭಾಗ. ಸ್ಪ್ಯಾನಿಷ್ ರೂಢಿಯಲ್ಲಿ ತಂದೆಯ ಅಡ್ಡಹೆಸರು ಮೊದಲು, ತಾಯಿಯದು ಆಮೇಲೆ. 'ಆನಾ ಗಾರ್ಸಿಯಾ ಲೋಪೆಸ್' ಎಂಬ ಹುಡುಗಿಯ ಅರ್ಜಿ ತುಂಬುವ ಗುಮಾಸ್ತ ಗಾರ್ಸಿಯಾವನ್ನು ನಡುವಿನ ಖಾನೆಗೆ, ಲೋಪೆಸ್ಸನ್ನು ಕೊನೆಯ ಖಾನೆಗೆ ಹಾಕಿಬಿಡುತ್ತಾನೆ. ತಮ್ಮನ ಅರ್ಜಿ ಇನ್ನೊಬ್ಬನ ಕೈಗೆ ಹೋದರೆ ಅವನು ಗಾರ್ಸಿಯಾ ಆಗುತ್ತಾನೆ. ದಾಖಲೆಯಲ್ಲಿ ಅಕ್ಕತಮ್ಮಂದಿರ ಮನೆತನವೇ ಬೇರೆ! (ಪಾಸ್‌ಪೋರ್ಟಿಗಾಗಿ ಇನಿಷಿಯಲ್ ಬಿಡಿಸಿ ಸರ್‌ನೇಮ್ ಹೊಂದಿಸಿಕೊಂಡ ನಮ್ಮವರಿಗೆ ಈ ಪಾಡು ಹೊಸದಲ್ಲ.) ಇಲ್ಲಿ 'ನನ್ನ ಗುರುತೇ ಕಳೆದುಹೋಯಿತು' ಎಂದಿದ್ದರೆ ತೆಗೆಸಿ, ಯಾವ ಅರ್ಜಿ, ಯಾವ ಖಾನೆ, ಅದನ್ನು ಸರಿಪಡಿಸಲು ಯಾರು ಎಲ್ಲೆಲ್ಲಿ ಅಲೆದರು ಎಂದು ಬರೆಸುತ್ತೇನೆ.

ಕೊನೆಯ ಸುತ್ತು ಗುಟ್ಟು ಕಾಯುವುದಕ್ಕೆ. ಊರು, ಕೆಲಸದ ಜಾಗ ಬದಲಿಸಿದರೆ ಸಾಲದು. 'ಅಣ್ಣನಿಗೆ ಡಾಕಾ ಇದೆ' ಎಂಬ ಒಂದೇ ಸಾಲು ಎಷ್ಟೋ ಹೇಳಿಬಿಡುತ್ತದೆ. ಡಾಕಾ (DACA) ಎಂದರೆ ಚಿಕ್ಕಂದಿನಲ್ಲಿ ಬಂದು ಕಾಗದಪತ್ರವಿಲ್ಲದೆ ಉಳಿದವರನ್ನು ಸದ್ಯಕ್ಕೆ ಗಡೀಪಾರು ಮಾಡದೆ ಬಿಡುವ ಅಮೆರಿಕದ ಯೋಜನೆ. 2012ರ ಆ ಯೋಜನೆಗೆ 16 ತುಂಬುವ ಮೊದಲೇ ಅಮೆರಿಕಕ್ಕೆ ಬಂದಿರಬೇಕು, 2007ರ ಜೂನ್ 15ರಿಂದ ಅಲ್ಲೇ ನೆಲೆಸಿರಬೇಕು. ಹೆತ್ತವರು ಬಂದ ಕಾಲವನ್ನೂ, ಅವರ ಬಳಿ ಕಾಗದಪತ್ರ ಇರಲಿಕ್ಕಿಲ್ಲ ಎಂಬುದನ್ನೂ ಓದುಗ ಊಹಿಸಬಲ್ಲ. ಆದ್ದರಿಂದ ಅಣ್ಣನ ಜೊತೆಗೆ ಅವರೂ ಒಪ್ಪಬೇಕು. ಒಪ್ಪದಿದ್ದರೆ ಸಾಲನ್ನು ತೆಗೆಯಬೇಕು, ಇಲ್ಲವೇ ಪ್ರಬಂಧವನ್ನು ಬೇರೆ ಹೆಸರಿನಲ್ಲಿ ಅಚ್ಚು ಮಾಡಬೇಕು. ಬರೆದವರ ಅಡ್ಡಹೆಸರನ್ನು ಹಾಗೇ ಬಿಟ್ಟು ಊರನ್ನಷ್ಟೇ ಬದಲಿಸಿ ಪ್ರಯೋಜನವಿಲ್ಲ.